ಆತ್ಮಹತ್ಯೆ ತಡೆ: ಹಳ್ಳಿಯ ಆಸ್ಪತ್ರೆ ಮಾಡಬಹುದಾದದ್ದು

ಆತ್ಮಹತ್ಯೆಗೆ ಬಲಿಯಾದವರು ಸಾವಿಗೆ ಮುಂಚಿನ ದಿನಗಳಲ್ಲಿ ಯಾವ ವೈದ್ಯರ ಬಳಿ ಹೋಗಿದ್ದರು ಎಂದು ಕೆದಕಿ ನೋಡಿದ ಅಧ್ಯಯನಗಳು ಹಲವಾರಿವೆ. ಬಹುಪಾಲು ಅಮೆರಿಕ, ಯುರೋಪುಗಳಲ್ಲಿ ನಡೆದ ಇಂಥ ಅಧ್ಯಯನಗಳನ್ನು 2002ರಲ್ಲಿ ಒಟ್ಟಿಗಿಟ್ಟು ಲೆಕ್ಕ ಹಾಕಲಾಯಿತು. ಸತ್ತವರಲ್ಲಿ ಸುಮಾರು ಶೇ 45ರಷ್ಟು ಮಂದಿ ಕೊನೆಯ ಒಂದು ತಿಂಗಳೊಳಗೆ ಸಾಮಾನ್ಯ ವೈದ್ಯರನ್ನು ಕಂಡಿದ್ದರು. ಮನೋವೈದ್ಯಕೀಯ ಸೇವೆಯ ಬಾಗಿಲಿಗೆ ಹೋದವರು ಶೇ 20ರ ಆಸುಪಾಸು ಮಾತ್ರ. ಕೊನೆಯ ಒಂದು ವರ್ಷವನ್ನು ಲೆಕ್ಕಕ್ಕೆ ಹಿಡಿದರೆ, ಸಾಮಾನ್ಯ ವೈದ್ಯರನ್ನು ಕಂಡವರು ನಾಲ್ವರಲ್ಲಿ ಮೂವರು. ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇಲ್ಲದ, ಇರುವವರೂ ಹೆಚ್ಚಾಗಿ ನಗರಗಳಲ್ಲೇ ನೆಲೆಸಿರುವ ಭಾರತದಲ್ಲಿ ಹಳ್ಳಿಯವರ ಪಾಲಿಗೆ ಸಾಮಾನ್ಯ ವೈದ್ಯರೆಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಇಲ್ಲವೇ ಊರಿನ ಆರ್‌ಎಂಪಿ. ಆತ್ಮಹತ್ಯೆ ತಡೆಯ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲೇ ಇದೆ.

ಸಮಸ್ಯೆ ದೊಡ್ಡದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಕರ್ನಾಟಕದಲ್ಲಿ ಸತ್ತವರು 13,606. ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶಗಳ ನಂತರದ ಸ್ಥಾನ ರಾಜ್ಯದ್ದು. ಬ್ಯೂರೊ ಅಂಕಿಗಳು ಪೊಲೀಸ್ ಠಾಣೆಯಿಂದ ಬರುತ್ತವೆ. ಮನೆಯವರು ‘ಹೊಟ್ಟೆನೋವಿನಿಂದ ತೀರಿಕೊಂಡರು’ ಎಂದು ಹೇಳಿ ಮುಗಿಸಿದ ಸಾವು ಅಲ್ಲಿಗೆ ತಲುಪುವುದಿಲ್ಲ. 2001–03ರ ಸಾವುಗಳನ್ನು ಕುರಿತು, ಮನೆಮನೆಗೆ ಹೋಗಿ ವಿಚಾರಿಸಿ ನಡೆಸಿದ ‘ಮಿಲಿಯನ್ ಡೆತ್ ಸ್ಟಡಿ’ ಅದರ ಆಧಾರದ ಮೇಲೆ 2010ರ ಆತ್ಮಹತ್ಯೆಗಳು ಸುಮಾರು 1,87,000 ಎಂದು ಅಂದಾಜು ಮಾಡಿತು. ಪೊಲೀಸ್ ಲೆಕ್ಕ ಇದ್ದದ್ದು 1,34,599. ಸಾವುಗಳಲ್ಲಿ ಹೆಚ್ಚಿನವು ಹಳ್ಳಿಗಳಲ್ಲೇ ಆಗಿದ್ದವು, ಅರ್ಧದಷ್ಟಕ್ಕೆ ವಿಷ, ಅದರಲ್ಲೂ ಮುಖ್ಯವಾಗಿ ಕೀಟನಾಶಕ, ಕಾರಣವಾಗಿತ್ತು.

ಹಳ್ಳಿಯ ಆತ್ಮಹತ್ಯೆ ಎಂದೊಡನೆ ಸಾಲದ ರೈತನ ಚಿತ್ರ ಕಣ್ಣಮುಂದೆ ಬರುತ್ತದೆ. ಆ ಚಿತ್ರ ಸುಳ್ಳಲ್ಲ. 2022ರಲ್ಲಿ ಕೃಷಿ ವಲಯದಲ್ಲಿ ಸತ್ತವರು 11,290 ಮಂದಿ, ಕರ್ನಾಟಕವೊಂದರಲ್ಲೇ 2,392. ಆದರೆ ಅದು ಪೂರ್ತಿ ಚಿತ್ರವೂ ಅಲ್ಲ. ಅದೇ ವರ್ಷ ದೇಶದಲ್ಲಿ ಸತ್ತವರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಮಂದಿ ದಿನಗೂಲಿಯವರು. ದಾಖಲಾದ ಕಾರಣಗಳಲ್ಲಿ ಕೌಟುಂಬಿಕ ಸಮಸ್ಯೆ ಮೊದಲು, ಕಾಯಿಲೆ ಎರಡನೆಯದು. ಮದುವೆಯಾಗಿ ಬಂದ ಊರಿನಲ್ಲಿ ತನ್ನವರು ಅನ್ನುವವರಿಲ್ಲದ ಹುಡುಗಿ, ಮಂಡಿನೋವಿನಲ್ಲಿ ನರಳುತ್ತ ಮಕ್ಕಳಿಗೆ ಭಾರವಾದೆ ಎಂದುಕೊಂಡ ಮುದುಕ, ಪರೀಕ್ಷೆಯಲ್ಲಿ ಫೇಲಾದ ಹುಡುಗ, ಕುಡಿತ ಬಿಡಲಾಗದ ಕೂಲಿಯಾಳು ಇವರೆಲ್ಲ ಆ ಅಂಕಿಗಳೊಳಗೆ ಇದ್ದಾರೆ. 2016ರ ಜಾಗತಿಕ ಲೆಕ್ಕದಲ್ಲಿ, ಜಗತ್ತಿನಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಭಾರತದವರು. ರೈತ ಆತ್ಮಹತ್ಯೆಗೆ ಸರಕಾರ ಪರಿಹಾರ ಕೊಡುತ್ತದೆ, ಅದಕ್ಕೆ ಅರ್ಜಿ, ತನಿಖೆ, ಸಮಿತಿ ಎಲ್ಲ ಇವೆ. ಉಳಿದವರ ಸಾವಿಗೆ ಅಷ್ಟು ಗಮನವೂ ಇಲ್ಲ. ಪರಿಹಾರವಾದರೂ ಸತ್ತ ಮೇಲಿನ ಮಾತು.

ಸಾಯುವ ಮುಂಚಿನ ಹಂತದಲ್ಲಿ ಹಳ್ಳಿಯಲ್ಲಿ ಸರಕಾರದ ಕಡೆಯಿಂದ ಇರುವುದು ಆರೋಗ್ಯ ವ್ಯವಸ್ಥೆ. ಬಯಲುಸೀಮೆಯಲ್ಲಿ 30,000, ಗುಡ್ಡಗಾಡಿನಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಕೆಳಗೆ ಐದು ಸಾವಿರಕ್ಕೋ ಮೂರು ಸಾವಿರಕ್ಕೋ ಒಂದು ಉಪಕೇಂದ್ರ, ಸುಮಾರು ಸಾವಿರ ಜನರಿಗೆ ಒಬ್ಬ ಆಶಾ ಕಾರ್ಯಕರ್ತೆ ಎಂಬುದು ದೇಶದ ಮಾನದಂಡ. 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಬದಲಿಸಿ, ಅಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳನ್ನು ನೇಮಿಸಿ, ಮಾನಸಿಕ ಆರೋಗ್ಯವನ್ನೂ ಅವರ ಕೆಲಸದ ಪಟ್ಟಿಗೆ ಸೇರಿಸಲಾಗಿದೆ. ಬಾಣಂತಿಯ ಮನೆಗೆ, ಬಿಪಿ ಮಾತ್ರೆ ತಪ್ಪಿಸಿದ ಅಜ್ಜನ ಮನೆಗೆ, ಕ್ಷಯರೋಗಿಯ ಮನೆಗೆ ಹೇಗೂ ಹೋಗುವವರು ಇವರು. ಯಾವ ಮನೆಯಲ್ಲಿ ಜಗಳ ಹೆಚ್ಚಾಗಿದೆ, ಯಾರು ಊಟ ಬಿಟ್ಟು ಕೂತಿದ್ದಾರೆ ಎಂಬುದು ಆಶಾ ಕಾರ್ಯಕರ್ತೆಗೆ ಡಾಕ್ಟರಿಗಿಂತ ಮೊದಲೇ ಗೊತ್ತಿರುತ್ತದೆ.

ಸಂಕಟದಲ್ಲಿರುವವರು ಆಸ್ಪತ್ರೆಗೆ ಬಂದರೂ ಸಂಕಟವನ್ನೇ ಹೇಳಿಕೊಂಡು ಬರುವುದಿಲ್ಲ. ಸಂತೆಯ ದಿನ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ನಿಮಿಷ ಸಿಕ್ಕರೆ ಹೆಚ್ಚು. ಬೆಂಚಿನ ಮೇಲೆ ಕೂತ ಹೆಂಗಸು ಚೀಟಿ ಕೊಟ್ಟು ಹೇಳುವುದು ‘ಕೈಕಾಲು ಜೋಮು, ಎದೆ ಡವಡವ, ಸುಸ್ತು ಸಾರ್, ರಾತ್ರಿ ನಿದ್ದೇನೇ ಇಲ್ಲ’ ಎಂದು. ಗಂಡಸಾದರೆ ಗ್ಯಾಸು, ತಲೆಭಾರ, ಸೊಂಟನೋವು. ಡಾಕ್ಟರು ಬಿಪಿ ನೋಡುತ್ತಾರೆ, ರಕ್ತ ಕಡಿಮೆ ಇದೆಯೇ ಎಂದು ಕಣ್ಣಿನ ರೆಪ್ಪೆ ಎಳೆದು ನೋಡುತ್ತಾರೆ, ಬಿ ಕಾಂಪ್ಲೆಕ್ಸ್ ಬರೆಯುತ್ತಾರೆ. ರೋಗಿಯೇ ಕೇಳಿದರೆ ಒಂದು ಇಂಜೆಕ್ಷನ್. ಹದಿನೈದು ದಿನಕ್ಕೆ ಅದೇ ಮುಖ ಅದೇ ದೂರು ಹಿಡಿದು ಮತ್ತೆ ಬರುತ್ತದೆ. ಹೀಗೆ ಮರಳಿ ಮರಳಿ ಬರುವ, ಪರೀಕ್ಷೆಯಲ್ಲಿ ಏನೂ ಸಿಗದ ಮೈನೋವುಗಳ ಹಿಂದೆ ಎಷ್ಟೋ ಸಲ ಖಿನ್ನತೆ ಇರುತ್ತದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರುವುದಿಲ್ಲ. ಅವರು ಆಸ್ಪತ್ರೆಗೆ ಹೋಗಿರುವುದಿಲ್ಲ ಎಂದು ಇದರ ಅರ್ಥವಲ್ಲ.

ಇಲ್ಲಿ ಬೇಕಾದದ್ದು ದೊಡ್ಡ ಯಂತ್ರವಲ್ಲ, ಪ್ರಶ್ನೆ. ನಿದ್ದೆ, ಹಸಿವು, ಕೆಲಸದಲ್ಲಿ ಆಸಕ್ತಿ ಹೇಗಿವೆ, ಎರಡು ವಾರದಿಂದ ಮನಸ್ಸಿಗೆ ಬೇಸರ ಕವಿದಿದೆಯೇ ಎಂದು ಮೊದಲು. ಹೌದೆಂದರೆ ಮುಂದಿನ ಪ್ರಶ್ನೆ: ಬದುಕಿ ಏನು ಪ್ರಯೋಜನ ಅನಿಸಿದ್ದುಂಟೆ? ಸಾಯಬೇಕು ಅನಿಸಿದ್ದುಂಟೆ? ಅನಿಸಿದ್ದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದುಂಟೆ? ಹಿಂದೆ ಪ್ರಯತ್ನ ಮಾಡಿದ್ದುಂಟೆ? ಈ ಪ್ರಶ್ನೆಯ ಹತ್ತಿರ ಬಂದು ವೈದ್ಯರೂ ದಾದಿಯರೂ ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ ಅವರದು. ಈ ಭಯಕ್ಕೆ ಆಧಾರವಿಲ್ಲ ಎಂಬುದು ಸಂಶೋಧನೆಗಳಿಂದ ಚೆನ್ನಾಗಿ ಸ್ಥಾಪಿತವಾಗಿದೆ. ನೇರವಾಗಿ, ಮೆತ್ತಗೆ ಕೇಳಿದಾಗ ಹೆಚ್ಚಿನವರಿಗೆ ಹಗುರವೆನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ತಜ್ಞರಲ್ಲದ ಆರೋಗ್ಯ ಸಿಬ್ಬಂದಿಗೆಂದೇ 2010ರಲ್ಲಿ ಹೊರತಂದ ಕೈಪಿಡಿಯಲ್ಲಿ ಆತ್ಮಹತ್ಯೆ ಮತ್ತು ಸ್ವಯಂಹಾನಿಗೆ ಒಂದು ಪ್ರತ್ಯೇಕ ಅಧ್ಯಾಯವಿದೆ. ಕೇಳಿ ಎಂಬುದೇ ಅದರ ಮೊದಲ ಸೂಚನೆಗಳಲ್ಲಿ ಒಂದು.

‘ದೇವರು ಕರಕೊಂಡರೆ ಸಾಕಾಗಿದೆ’, ‘ಎಲ್ಲಾದರೂ ದೂರ ಹೋಗಿಬಿಡೋಣ ಅನ್ನಿಸ್ತದೆ’ ಎಂಬ ಮಾತುಗಳನ್ನು ಹಳ್ಳಿಯಲ್ಲಿ ದಿನಾ ಕೇಳಬಹುದು. ಎಲ್ಲರೂ ಹಾಗನ್ನುತ್ತಾರೆ ಎಂದು ತಳ್ಳಿಹಾಕುವುದು ಸುಲಭ. ಅಂಥ ಮಾತಿನ ಜತೆಗೆ ಇತ್ತೀಚಿನ ಸಾವು, ಬೆಳೆ ಕೈಕೊಟ್ಟದ್ದು, ಬಡ್ಡಿಯವರ ಕಾಟ, ಹೊಡೆತ, ಮಿತಿಮೀರಿದ ಕುಡಿತ, ಕ್ಯಾನ್ಸರಿನಂಥ ಕಾಯಿಲೆ ಸೇರಿಕೊಂಡಿದ್ದರೆ, ಅಥವಾ ಮನುಷ್ಯ ಇದ್ದಕ್ಕಿದ್ದಂತೆ ತನ್ನ ವಸ್ತು, ದುಡ್ಡು, ದನ ಹಂಚತೊಡಗಿದರೆ ಎಚ್ಚರವಾಗಬೇಕು. ಎಲ್ಲಕ್ಕಿಂತ ದೊಡ್ಡ ಸೂಚನೆ ಹಿಂದಿನ ಪ್ರಯತ್ನ. ‘ಹೆದರಿಸೋಕೆ ಮಾಡಿದ್ದು’ ಎಂದು ಮನೆಯವರೂ, ಕೆಲವೊಮ್ಮೆ ಆಸ್ಪತ್ರೆಯವರೂ ನಕ್ಕು ಬಿಡುವ ಪ್ರಯತ್ನವೂ ಇದರಲ್ಲಿ ಸೇರಿದೆ. ಸತ್ತ ಒಬ್ಬೊಬ್ಬರಿಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಪ್ರಯತ್ನ ಮಾಡಿರುತ್ತಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಉತ್ತರ ‘ಹೌದು’ ಎಂದು ಬಂದರೆ ಮುಂದೇನು? ಯೋಜನೆ ಹಾಕಿಕೊಂಡವರನ್ನು ಒಂಟಿಯಾಗಿ ಮನೆಗೆ ಕಳಿಸುವಂತಿಲ್ಲ. ಜತೆಗೆ ಯಾರಾದರೊಬ್ಬರು ಇರಬೇಕು, ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೇರೆಯವರ ಸುಪರ್ದಿಗೆ ಕೊಡಿಸಬೇಕು, ತಾಲ್ಲೂಕು ಆಸ್ಪತ್ರೆಗೋ ಜಿಲ್ಲಾಸ್ಪತ್ರೆಗೋ ಕಳಿಸಬೇಕು. ತುರ್ತು ಅಷ್ಟಿಲ್ಲದವರೊಂದಿಗೆ ಕೂತು ‘ಸುರಕ್ಷತಾ ಯೋಜನೆ’ ಎಂಬ ಒಂದು ಹಾಳೆಯನ್ನು ಬರೆಯುವ ಕ್ರಮವಿದೆ. ಕೆಟ್ಟ ಯೋಚನೆ ಬರುವ ಮುಂಚೆ ಏನೇನಾಗುತ್ತದೆ, ಆಗ ತಾನಾಗಿ ಏನು ಮಾಡಬಹುದು, ಯಾರ ಮನೆಗೆ ಹೋಗಿ ಕೂರಬಹುದು, ಯಾರಿಗೆ ಬಾಯಿಬಿಟ್ಟು ಹೇಳಬಹುದು, ಯಾವ ನಂಬರಿಗೆ ಫೋನ್ ಮಾಡಬಹುದು, ಮನೆಯಿಂದ ಯಾವ ವಸ್ತು ದೂರ ಹೋಗಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಓದು ಬಾರದವರಾದರೆ ಬಾಯಲ್ಲೇ ಹೇಳಿಸಿ, ಜತೆಗೆ ಬಂದವರಿಗೂ ಮನದಟ್ಟು ಮಾಡಬೇಕು. ಸಾಯುವ ತೀವ್ರ ತುಡಿತ ಬಹಳಷ್ಟು ಜನರಲ್ಲಿ ಅಲೆಯಂತೆ ಏರಿ ಇಳಿಯುತ್ತದೆ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ. ಆ ಗಂಟೆಗಳನ್ನು ದಾಟಿಸುವುದಕ್ಕೆ ಈ ಹಾಳೆ.

ಖಿನ್ನತೆ ಇದ್ದರೆ ಔಷಧಿ ಇದೆ. ಫ್ಲೂಆಕ್ಸೆಟಿನ್‌ನಂಥ ಮಾತ್ರೆಗಳನ್ನು ತರಬೇತಾದ ಎಂಬಿಬಿಎಸ್ ವೈದ್ಯರು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಕೊಡಬಹುದು. ಎರಡು ಎಚ್ಚರಿಕೆಗಳು ಅಗತ್ಯ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಅದನ್ನು ಮೊದಲೇ ಹೇಳದಿದ್ದರೆ ರೋಗಿ ವಾರಕ್ಕೇ ‘ಆಗಲಿಲ್ಲ’ ಎಂದು ಬಿಟ್ಟುಬಿಡುತ್ತಾರೆ. ಅಪಾಯದಲ್ಲಿರುವವರ ಕೈಗೆ ತಿಂಗಳ ಮಾತ್ರೆ ಒಮ್ಮೆಗೇ ಕೊಡದೆ, ವಾರವಾರ ಕೊಟ್ಟು ಕಳಿಸುವುದು ಕ್ಷೇಮ. ಇದರಿಂದ ವಾರವಾರ ಮುಖ ನೋಡಿದಂತೆಯೂ ಆಗುತ್ತದೆ. ನಿದ್ದೆ ಇಲ್ಲ ಎಂದವರಿಗೆಲ್ಲ ನಿದ್ದೆಮಾತ್ರೆ ಬರೆದು ಕೈತೊಳೆದುಕೊಳ್ಳುವ ರೂಢಿ ಖಿನ್ನತೆಯ ಚಿಕಿತ್ಸೆಯಲ್ಲ, ಅದರ ಮುಂದೂಡಿಕೆ. ಔಷಧಿಯಿಂದ ಸಾಲ ತೀರುವುದಿಲ್ಲ, ಗಂಡನ ಹೊಡೆತ ನಿಲ್ಲುವುದಿಲ್ಲ. ಆದ್ದರಿಂದ ಪಿಂಚಣಿ, ಬೆಳೆವಿಮೆ, ಸ್ತ್ರೀಶಕ್ತಿ ಸಂಘ, ಮಹಿಳಾ ಸಹಾಯವಾಣಿ ಇಂಥವುಗಳ ದಾರಿ ತೋರಿಸುವುದೂ ಈ ಕೆಲಸದ ಭಾಗವೇ. ವೈದ್ಯಕೀಯ ಪಠ್ಯಗಳಲ್ಲಿ ಇದಕ್ಕೆ ಒಂದು ಪ್ಯಾರಾ ಸಿಕ್ಕರೆ ಹೆಚ್ಚು. ಹಳ್ಳಿಯಲ್ಲಿ ಎಷ್ಟೋ ಸಲ ಇದೇ ಮುಖ್ಯ.

ವಿಷ ಸೇವಿಸಿದವರು ಬಂದಾಗ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸದ ಸ್ವರೂಪ ಬೇರೆ. ಮೊದಲ ಗಂಟೆ ಮುಖ್ಯ. ಮನೆಯವರು ಗಾಬರಿಯಲ್ಲಿ ಉಪ್ಪುನೀರು, ಸೋಪಿನ ನೀರು, ಹುಣಸೆಹುಳಿ ಕುಡಿಸಿ ವಾಂತಿ ಮಾಡಿಸಲು ಹೋಗುತ್ತಾರೆ. ವಾಂತಿಯಾದದ್ದು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಎರವಾಗಬಹುದು. ಬಾಯಿಗೆ ಏನೂ ಹಾಕದೆ, ಬಟ್ಟೆ ಬದಲಿಸಿ ಮೈ ತೊಳೆದು, ಪಕ್ಕಕ್ಕೆ ಮಲಗಿಸಿ, 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಕರೆಸುವುದು ಸರಿಯಾದ ಕ್ರಮ. ವಿಷದ ಡಬ್ಬಿ ಅಥವಾ ಅದರ ಲೇಬಲ್ ಜತೆಗೆ ಬಂದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಉಸಿರಾಟಕ್ಕೆ ದಾರಿ ಮಾಡಿಕೊಡುವುದು, ಆಮ್ಲಜನಕ, ಆರ್ಗನೋಫಾಸ್ಫೇಟ್ ಗುಂಪಿನ ವಿಷವಾದರೆ ಅಟ್ರೋಪಿನ್ ಶುರುಮಾಡುವುದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಬೇಕು. ಏನೂ ಮಾಡದೆ ‘ಜಿಲ್ಲಾಸ್ಪತ್ರೆಗೆ ತಗೊಂಡು ಹೋಗಿ’ ಎಂದು ಬಾಗಿಲಿನಲ್ಲೇ ತಿರುಗಿಸುವುದರಿಂದ ದಾರಿಯಲ್ಲೇ ಜೀವ ಹೋದವರು ಕಡಿಮೆಯಿಲ್ಲ.

ಹೀಗೆ ತಿರುಗಿಸುವುದರ ಹಿಂದೆ ಪೊಲೀಸ್ ಕೇಸಿನ ಭಯವೂ ಕೆಲಸ ಮಾಡಿದೆ. ಭಾರತೀಯ ದಂಡ ಸಂಹಿತೆಯ 309ನೇ ಕಲಂ ಆತ್ಮಹತ್ಯೆ ಪ್ರಯತ್ನವನ್ನು ಅಪರಾಧವೆಂದು ಕರೆದಿತ್ತು. 2018ರ ಮೇ 29ರಿಂದ ಜಾರಿಗೆ ಬಂದ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017ರ 115ನೇ ಕಲಂ ಇದನ್ನು ತಲೆಕೆಳಗು ಮಾಡಿತು. ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸುವಂತಿಲ್ಲ, ಅವರಿಗೆ ಆರೈಕೆ, ಚಿಕಿತ್ಸೆ, ಪುನರ್ವಸತಿ ಒದಗಿಸುವುದು ಸರಕಾರದ ಕರ್ತವ್ಯ ಎಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309ರಂಥ ಕಲಂ ಇಲ್ಲ. ಸರಕಾರಿ ನೌಕರರ ಕರ್ತವ್ಯಕ್ಕೆ ಒತ್ತಡ ಹೇರಲು ಮಾಡುವ ಪ್ರಯತ್ನವನ್ನು ಮಾತ್ರ ಅಪರಾಧವಾಗಿ ಉಳಿಸಿಕೊಳ್ಳಲಾಗಿದೆ. ಆಸ್ಪತ್ರೆಯಲ್ಲಿ ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಎಂದು ದಾಖಲಿಸುವ ಪದ್ಧತಿ ಮುಂದುವರಿದಿದೆ. ಅದು ದಾಖಲೆ, ಶಿಕ್ಷೆಯಲ್ಲ. ಈ ವ್ಯತ್ಯಾಸ ಹಳ್ಳಿಗೆ ಇನ್ನೂ ಮುಟ್ಟಿಲ್ಲ. ಈಗಲೂ ಬಹಳ ಮನೆಗಳವರು ‘ಗೊತ್ತಿಲ್ಲದೆ ಕುಡಿದದ್ದು’ ಎಂದೇ ಬರೆಸುತ್ತಾರೆ. ಹಾಗೆ ಬರೆಸಿದೊಡನೆ ಆ ರೋಗಿಗೆ ಆಪ್ತಸಮಾಲೋಚನೆಯ ದಾರಿಯೂ ಮುಚ್ಚಿಹೋಗುತ್ತದೆ.

ಬದುಕುಳಿದವರು ಡಿಸ್ಚಾರ್ಜ್ ಆಗಿ ಮನೆಗೆ ಬಂದ ನಂತರದ ವಾರಗಳು ಅತ್ಯಂತ ಅಪಾಯದವು. ಸಾಲ ಅಲ್ಲೇ ಇರುತ್ತದೆ, ಜತೆಗೆ ಆಸ್ಪತ್ರೆಯ ಬಿಲ್ಲಿನ ಸಾಲ, ಊರವರ ಮುಖ ನೋಡುವ ನಾಚಿಕೆ. ಪ್ರಾಥಮಿಕ ಆರೋಗ್ಯ ವ್ಯವಸ್ಥೆಗೆ ಬೇರೆ ಯಾರೂ ಮಾಡಲಾಗದ ಕೆಲಸವೊಂದು ಸಿಗುವುದು ಇಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ ನಡೆಸಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಚೆನ್ನೈ, ಕೊಲಂಬೊ, ಬ್ರೆಜಿಲಿನ ಕಂಪಿನಾಸ್, ಇರಾನಿನ ಕರಜ್, ಚೀನಾದ ಯುನ್‌ಚೆಂಗ್‌ಗಳ ಆಸ್ಪತ್ರೆಗಳಿಗೆ ಬಂದ 1,867 ಮಂದಿ ಪ್ರಯತ್ನ ಮಾಡಿದವರಿದ್ದರು. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ ಕೊಟ್ಟು ಕಳಿಸಲಾಯಿತು. ಉಳಿದವರೊಂದಿಗೆ ಬಿಡುಗಡೆಗೆ ಮುನ್ನ ಒಂದು ಗಂಟೆ ಕೂತು ಮಾತಾಡಿ, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನಿನಲ್ಲೋ ಮನೆಗೆ ಹೋಗಿಯೋ ‘ಹೇಗಿದ್ದೀರಿ’ ಎಂದು ವಿಚಾರಿಸಲಾಯಿತು. ಮೊದಮೊದಲು ವಾರದ ಅಂತರ, ಬರಬರುತ್ತ ತಿಂಗಳುಗಳ ಅಂತರ. ಹದಿನೆಂಟು ತಿಂಗಳ ಕೊನೆಗೆ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 2.2ರಷ್ಟು ಮಂದಿ ಆತ್ಮಹತ್ಯೆಯಿಂದ ಸತ್ತಿದ್ದರು, ವಿಚಾರಿಸುತ್ತಲೇ ಇದ್ದ ಗುಂಪಿನಲ್ಲಿ ಶೇ 0.2. ವಿಚಾರಿಸುವವರು ಮನೋವೈದ್ಯರೇ ಆಗಿರಬೇಕಿರಲಿಲ್ಲ, ದಾದಿಯರೂ ಸಾಕಾಗಿತ್ತು. ಕ್ಷಯರೋಗಿ ಮಾತ್ರೆ ನುಂಗಿದರೇ ಎಂದು ತಿಂಗಳುಗಟ್ಟಲೆ ಬೆನ್ನುಹತ್ತುವ ಅಭ್ಯಾಸ ನಮ್ಮ ಆರೋಗ್ಯ ಇಲಾಖೆಗೆ ಇದೆ. ಅದೇ ಶಿಸ್ತನ್ನು ಇಲ್ಲಿಗೂ ತಂದರೆ ಹೊಸ ಕಟ್ಟಡ, ಹೊಸ ಹುದ್ದೆ ಯಾವುದೂ ಬೇಕಾಗುವುದಿಲ್ಲ.

ಆಸ್ಪತ್ರೆಯ ಹೊರಗೆ ಎಲ್ಲಕ್ಕಿಂತ ಹೆಚ್ಚು ಜೀವ ಉಳಿಸಿದ ಕ್ರಮ ಅತಿವಿಷಕಾರಿ ಕೀಟನಾಶಕಗಳ ನಿಷೇಧ. ಶ್ರೀಲಂಕಾ ಇದಕ್ಕೆ ಉದಾಹರಣೆ. 1995ರಲ್ಲಿ ಅಲ್ಲಿ ಲಕ್ಷಕ್ಕೆ 47 ಮಂದಿ ಆತ್ಮಹತ್ಯೆಯಿಂದ ಸಾಯುತ್ತಿದ್ದರು, ಜಗತ್ತಿನ ಅತಿ ಹೆಚ್ಚಿನ ಪ್ರಮಾಣಗಳಲ್ಲಿ ಒಂದು. ಆ ವರ್ಷದಿಂದ ಹಂತಹಂತವಾಗಿ ಅತಿವಿಷಕಾರಿ ಕೀಟನಾಶಕಗಳನ್ನು ನಿಷೇಧಿಸುತ್ತ ಬಂದಂತೆ ಪ್ರಮಾಣ ಇಳಿಯುತ್ತ ಹೋಯಿತು; ಎರಡು ದಶಕಗಳಲ್ಲಿ ಸುಮಾರು ಶೇ 70ರಷ್ಟು ಕಡಿಮೆಯಾಯಿತು. ಈ ಅವಧಿಯಲ್ಲಿ ಸುಮಾರು 93,000 ಜೀವಗಳು ಉಳಿದವು ಎಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಭತ್ತದ ಇಳುವರಿ ಕುಸಿಯಲಿಲ್ಲ. ಸಾಯಬೇಕೆಂದವರು ಬೇರೆ ದಾರಿ ಹುಡುಕಿಕೊಳ್ಳುತ್ತಾರೆ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಕಡಿಮೆ ವಿಷಕಾರಿ ವಸ್ತು ಸೇವಿಸಿದವರು ಆಸ್ಪತ್ರೆ ತಲುಪಿ ಬದುಕಿದರು, ಹಾಗೆ ಬದುಕಿದವರಲ್ಲಿ ಹೆಚ್ಚಿನವರು ಮುಂದೆಯೂ ಬದುಕಿಯೇ ಇದ್ದರು.

ಇದೇ ಶ್ರೀಲಂಕಾದಲ್ಲಿ ಇನ್ನೊಂದು ಪ್ರಯೋಗ ಸೋತಿತು. 180 ಹಳ್ಳಿಗಳಲ್ಲಿ ಅರ್ಧದಷ್ಟು ಹಳ್ಳಿಗಳ ಮನೆಮನೆಗೂ ಕೀಟನಾಶಕ ಇಡಲು ಬೀಗದ ಪೆಟ್ಟಿಗೆ ಕೊಟ್ಟು ನೋಡಿದರು. 2017ರಲ್ಲಿ ಬಂದ ಫಲಿತಾಂಶದಲ್ಲಿ, ವಿಷ ಸೇವನೆ ಕಡಿಮೆಯಾದದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಬೀಗದ ಕೈ ಮನೆಯೊಳಗೇ ಇರುತ್ತದಲ್ಲ. ತಮಿಳುನಾಡಿನ ಕಡಲೂರು ಜಿಲ್ಲೆಯ ಹಳ್ಳಿಗಳಲ್ಲಿ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಬ್ಯಾಂಕ್ ಲಾಕರ್ ಮಾದರಿಯಲ್ಲಿ ಊರಿಗೊಂದು ಸಾಮೂಹಿಕ ಕೀಟನಾಶಕ ಸಂಗ್ರಹ ಕಟ್ಟಡ. ಒಂದು ಕೀ ರೈತನ ಕೈಯಲ್ಲಿ, ಇನ್ನೊಂದು ವ್ಯವಸ್ಥಾಪಕರ ಕೈಯಲ್ಲಿ. ಪ್ರಯೋಗ ಸಣ್ಣದಾದರೂ ಫಲಿತಾಂಶ ಆಶಾದಾಯಕವಾಗಿತ್ತು. ಭಾರತ ಸರಕಾರ 2018ರ ಆದೇಶದಲ್ಲಿ 18 ಕೀಟನಾಶಕಗಳನ್ನು ನಿಷೇಧಿಸಿತು, ಹನ್ನೆರಡನ್ನು ತಕ್ಷಣ, ಉಳಿದ ಆರನ್ನು 2020ರ ಕೊನೆಯಿಂದ. ನಿಷೇಧದ ನಿರ್ಧಾರ ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ, ಕೃಷಿ ಸಚಿವಾಲಯದ್ದು. ಆದರೆ ಯಾವ ಬ್ರ್ಯಾಂಡಿನ ಡಬ್ಬಿ ಹಿಡಿದು ಎಷ್ಟು ಜನ ಬಂದರು, ಅವರಲ್ಲಿ ಎಷ್ಟು ಮಂದಿ ಉಳಿದರು ಎಂಬ ಲೆಕ್ಕ ಹುಟ್ಟುವುದು ಹಳ್ಳಿ, ತಾಲ್ಲೂಕಿನ ಆಸ್ಪತ್ರೆಗಳಲ್ಲೇ.

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮನಸ್ಸಿನ ಕಾಯಿಲೆ ನೋಡಬಲ್ಲರೇ ಎಂಬ ಸಂಶಯಕ್ಕೆ ಕರ್ನಾಟಕ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯದ ಪ್ರಯೋಗ ಆರಂಭಿಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಮರುವರ್ಷಗಳಲ್ಲಿ ಇಡೀ ಬಳ್ಳಾರಿ ಜಿಲ್ಲೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿ ತರಬೇತಿ, ಅಗತ್ಯ ಔಷಧಿಗಳ ಪೂರೈಕೆ, ಸರಳ ದಾಖಲೆ, ನಿಯಮಿತ ಪರಿಶೀಲನೆ ನಡೆಸಲಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಇದನ್ನೇ ಮಾದರಿಯಾಗಿ ಹಿಡಿದು 1996ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹಬ್ಬಿತು. ಮುಂದೆ ಕರ್ನಾಟಕ ‘ಮನೋಚೈತನ್ಯ’ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಏರ್ಪಾಡು ಮಾಡಿತು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್ ಕೇಂದ್ರಸಂಸ್ಥೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ಕರೆಗೆ ದುಡ್ಡಿಲ್ಲ. ಈ ನಂಬರು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲಷ್ಟೇ ಅಲ್ಲ, ಗೊಬ್ಬರದ ಅಂಗಡಿಯ ಗೋಡೆಯ ಮೇಲೂ ಇರಬೇಕು.

ಸಿಬ್ಬಂದಿಗೆ ತರಬೇತಿ ಕೊಡುವುದರ ಶಕ್ತಿ ಮತ್ತು ಮಿತಿ ಎರಡನ್ನೂ ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪ ತೋರಿಸಿತು. 1983–84ರಲ್ಲಿ ಆ ದ್ವೀಪದ ಸಾಮಾನ್ಯ ವೈದ್ಯರಿಗೆಲ್ಲ ಖಿನ್ನತೆಯನ್ನು ಗುರುತಿಸಿ ಚಿಕಿತ್ಸೆ ಕೊಡುವ ತರಬೇತಿ ಆಯಿತು. ಆತ್ಮಹತ್ಯೆ ಗಮನಾರ್ಹವಾಗಿ ಇಳಿಯಿತು. ಕೆಲವು ವರ್ಷಗಳಲ್ಲಿ, ತರಬೇತಾದ ವೈದ್ಯರು ಬೇರೆಡೆ ಹೋಗಿ ನೆನಪು ಮಾಸುತ್ತಿದ್ದಂತೆ, ಮತ್ತೆ ಏರಿತು. ಇಳಿದದ್ದೂ ಹೆಚ್ಚಾಗಿ ಹೆಂಗಸರಲ್ಲಿ. ಗಂಡಸರು ವೈದ್ಯರ ಬಳಿ ಹೋಗುವುದೇ ಕಡಿಮೆ. ಒಂದು ಸಲದ ಕಾರ್ಯಾಗಾರ, ಪ್ರಮಾಣಪತ್ರ, ಗುಂಪು ಫೋಟೊಗಳಿಂದ ತೃಪ್ತವಾಗುವ ಇಲಾಖೆಗಳು ಈ ಕಥೆಯನ್ನು ಗೋಡೆಗೆ ಹಚ್ಚಿಕೊಳ್ಳುವುದು ಒಳ್ಳೆಯದು.

ಗಂಡಸರು ಆಸ್ಪತ್ರೆಗೆ ಬರದಿದ್ದರೆ ಅವರಿರುವಲ್ಲಿಗೆ ಹೋಗಬೇಕು. ವಿದರ್ಭದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ನಡೆದ ‘ವಿಶ್ರಾಮ್’ ಕಾರ್ಯಕ್ರಮದಲ್ಲಿ ಹಳ್ಳಿಯವರೇ ಆದ ಕಾರ್ಯಕರ್ತರು ಸಣ್ಣ ಗುಂಪುಗಳಲ್ಲಿ ಮಾತಾಡಿ, ಖಿನ್ನತೆ ಇದ್ದವರನ್ನು ಗುರುತಿಸಿ, ತರಬೇತಾದ ಸಲಹೆಗಾರರಿಗೂ ಬೇಕಾದರೆ ಮನೋವೈದ್ಯರಿಗೂ ತಲುಪಿಸಿದರು. 2017ರಲ್ಲಿ ಪ್ರಕಟವಾದ ಮೌಲ್ಯಮಾಪನದಂತೆ, ಖಿನ್ನತೆಗೆ ನೆರವು ಪಡೆದವರ ಪ್ರಮಾಣ ಶೇ 4.3ರಿಂದ ಶೇ 27.2ಕ್ಕೆ ಏರಿತ್ತು, ಆತ್ಮಹತ್ಯೆಯ ಯೋಚನೆ ಬಂದವರ ಪ್ರಮಾಣ ಶೇ 5.2ರಿಂದ ಶೇ 2.5ಕ್ಕೆ ಇಳಿದಿತ್ತು. ಗುಜರಾತಿನ ಮೆಹ್ಸಾಣಾ ಜಿಲ್ಲೆಯಲ್ಲಿ ಕೀಟನಾಶಕ ಸಂಗ್ರಹ, ಶಾಲಾ ಮಕ್ಕಳ ಕಾರ್ಯಕ್ರಮ, ಆರೋಗ್ಯ ಕಾರ್ಯಕರ್ತರ ತರಬೇತಿ ಮೂರನ್ನೂ ಹೆಣೆದ ಪ್ರಯೋಗ ನಡೆದಿದೆ. ಚನ್ನಪಟ್ಟಣ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ‘ಸುರಕ್ಷಾ’ ಹೆಸರಿನಲ್ಲಿ ಸಮುದಾಯ ಆಧಾರಿತ ಆತ್ಮಹತ್ಯೆ ತಡೆ ಯೋಜನೆ ಕೈಗೊಂಡಿದೆ.

ಇಷ್ಟೆಲ್ಲದರ ಭಾರ ಕೊನೆಗೆ ಬೀಳುವುದು ಆಶಾ ಕಾರ್ಯಕರ್ತೆಯ ಹೆಗಲ ಮೇಲೆ. ಅವರಿಗೆ ಸಂಬಳವಿಲ್ಲ, ಗೌರವಧನ. ಲಸಿಕೆ, ಹೆರಿಗೆ, ಡೆಂಗಿ ಸರ್ವೆ, ಮೊಬೈಲ್ ಆ್ಯಪ್ ಎಂದು ಕೆಲಸಕ್ಕೆ ಕೊನೆಯಿಲ್ಲ. ಇದಕ್ಕೆ ಇನ್ನೊಂದು ರಿಜಿಸ್ಟರ್ ಸೇರಿಸಿದರೆ ಅದು ತುಂಬುವುದು ಸೊನ್ನೆಗಳಿಂದ. ಇನ್ನೊಂದು ತೊಡಕು ಗುಟ್ಟಿನದು. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಯಾರಿಗೋ ಅತ್ತಿಗೆ, ಯಾರಿಗೋ ಎದುರುಮನೆಯವಳು. ಸೊಸೆ ಹೇಳಿಕೊಂಡ ಮಾತು ಸಂಜೆಗೆ ಅತ್ತೆಯ ಕಿವಿಗೆ ಬಿದ್ದರೆ ಮುಂದೆ ಯಾರೂ ಬಾಯಿಬಿಡುವುದಿಲ್ಲ. ಆದ್ದರಿಂದ ತರಬೇತಿಯಲ್ಲಿ ಲಕ್ಷಣಗಳ ಪಟ್ಟಿಗಿಂತ ಮೊದಲು ಬರಬೇಕಾದದ್ದು ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ಹೇಗೆ, ಯಾವಾಗ ಮಾತ್ರ ಹೇಳಲೇಬೇಕು ಎಂಬ ಪಾಠ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಮಾತಾಡಲು ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಬೇಕು. ಔಷಧಿ ದಾಸ್ತಾನಿನ ಕೋಣೆಯಾದರೂ ಆದೀತು.

ಭಾರತ 2022ರ ನವೆಂಬರಿನಲ್ಲಿ ತನ್ನ ಮೊದಲ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯನ್ನು ಪ್ರಕಟಿಸಿತು. 2030ರ ಹೊತ್ತಿಗೆ ಆತ್ಮಹತ್ಯೆಯ ಸಾವುಗಳನ್ನು ಶೇ 10ರಷ್ಟು ಇಳಿಸುವುದು ಗುರಿ. ಮೂರು ವರ್ಷಗಳಲ್ಲಿ ಕಣ್ಗಾವಲು ವ್ಯವಸ್ಥೆ, ಐದು ವರ್ಷಗಳಲ್ಲಿ ಎಲ್ಲ ಜಿಲ್ಲೆಗಳಲ್ಲೂ ಆತ್ಮಹತ್ಯೆ ತಡೆಯ ಸೇವೆ ಇರುವ ಮನೋವೈದ್ಯಕೀಯ ಹೊರರೋಗಿ ವಿಭಾಗ, ಎಂಟು ವರ್ಷಗಳಲ್ಲಿ ಶಿಕ್ಷಣ ಸಂಸ್ಥೆಗಳ ಪಠ್ಯದಲ್ಲಿ ಮಾನಸಿಕ ಸ್ವಾಸ್ಥ್ಯ ಎಂಬುದು ಅದರ ಕಾಲಪಟ್ಟಿ. ಪೊಲೀಸ್ ದಾಖಲೆಯಿಂದ ಸತ್ತವರ ಸಂಖ್ಯೆಯಾದರೂ ಸಿಗುತ್ತದೆ. ಪ್ರಯತ್ನ ಮಾಡಿ ಬದುಕಿದವರ ಸಂಖ್ಯೆ ಯಾವ ಪೊಲೀಸ್ ದಾಖಲೆಯಿಂದಲೂ ಪೂರ್ತಿಯಾಗಿ ಸಿಗುವಂಥದ್ದಲ್ಲ. ಅದು ತಾಲ್ಲೂಕು ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಎಂಎಲ್‌ಸಿ ಪುಸ್ತಕದಲ್ಲಿ, ಖಾಸಗಿ ನರ್ಸಿಂಗ್ ಹೋಮಿನ ಬಿಲ್ಲಿನಲ್ಲಿ ಚೂರುಚೂರಾಗಿ ಹರಡಿಕೊಂಡಿದೆ. ಹೀಗೆ ಬದುಕಿದವರ ಹೆಸರುಗಳು ಅವರು ಆಸ್ಪತ್ರೆಯಿಂದ ಬಿಡುಗಡೆಯಾದ ದಿನವೇ ಆಯಾ ಊರಿನ ಉಪಕೇಂದ್ರಕ್ಕೆ ತಲುಪುವಂತಾದರೆ, ಮುಂದಿನ ವಾರ ಯಾರ ಮನೆಗೆ ಹೋಗಬೇಕು ಎಂಬುದು ಅಲ್ಲಿನ ಆರೋಗ್ಯಾಧಿಕಾರಿಗೆ ಗೊತ್ತಾಗುತ್ತದೆ.